ಸೀಮೆಯ ಅಭಿಮಾನವೂ ‘ಕರ್ವಾಲೊ’ ಕಾದಂಬರಿಯೂ

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು, ಕರ್ಣಾಟಕದಲ್ಲಿ ಅದೇ ಅತ್ಯುನ್ನತ ಶಿಖರವೆಂದು ನಮ್ಮ ಸೀಮೆಯ ಮಕ್ಕಳು ಕಂಠಪಾಠವಾಗಿ ಒಪ್ಪಿಸುವರು. ಕಳಸದ ಮಗ್ಗುಲಲ್ಲಿ ಹರಿಯುವ ಭದ್ರೆಯೂ ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೂ ಎಲ್ಲಿಗೆ ಹೋಗುವುವೆಂದು ಕೇಳಿದರೆ ಮೌನ. ಒಂದು ಕೃಷ್ಣೆಯ ಪಾಲು, ಮತ್ತೊಂದು ಕಾವೇರಿಯ ಪಾಲು. ಭದ್ರೆಯೊಡನೆ ಗಂಗಾಮೂಲದಲ್ಲಿಯೇ ಜನಿಸಿದ ನೇತ್ರಾವತಿಯು ಪಡುಗಡಲ ಪಾಲು. ತಪ್ಪು ಮಕ್ಕಳದಲ್ಲ; ನಾನೂ ಬಹುಕಾಲ ಎತ್ತರವನ್ನೇ ಕಲಿಸಿದವನು.

ಇಂತಹ ಅಭಿಮಾನಕ್ಕೆ ತಕ್ಕ ಔಷಧವೆಂದರೆ ಶ್ರೀ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಅದನ್ನು ‘ನಮ್ಮ ಮೂಡಿಗೆರೆಯ ಕಾದಂಬರಿ’ಯೆಂದಷ್ಟೇ ಹೊಗಳುವವರು ಗ್ರಂಥಕ್ಕೆ ನ್ಯಾಯವನ್ನು ಸಲ್ಲಿಸಿದಂತಾಗಲಿಲ್ಲ. ಅಲ್ಲಿ ಗಿರಿವರ್ಣನೆಯ ಆಡಂಬರವಿಲ್ಲ. ಊರವರು ಕೆಲಸಕ್ಕೆ ಬಾರದವನೆಂದು ಕಡೆಗಣಿಸಿದ ಮಂದಣ್ಣನ ಕಾಡಿನ ಅರಿವನ್ನು ವಿಜ್ಞಾನಿಯು ಆದರಿಸುವನು. ಹಾರುವ ಓತಿಯನ್ನು ಅರಸಿ ಹೊರಟವರು ಕೊನೆಗೆ ಘಟ್ಟದ ಅಂಚಿನಲ್ಲಿ ನಿಲ್ಲುವರು. ಓತಿಯು ಪ್ರಪಾತದ ಆಳಕ್ಕೆ ತೇಲಿಹೋಗುವುದು.

ಕಥೆ ನಡುವೆಯೇ ನಿಂತಿತೆಂದು ಆಕ್ಷೇಪಿಸುವ ಮಿತ್ರರುಂಟು. ನನಗೆ ಹಾಗೆ ತೋರದು. ನಮ್ಮ ನೆಲವು ಮುಗಿಯುವ ರೀತಿಯೇ ಅದು: ಕಾಫಿಯ ತೋಟ, ಶೋಲೆಯ ಕಾಡು, ಹುಲ್ಲಿನ ಬೋಳುಗುಡ್ಡ, ಅಲ್ಲಿಂದ ಒಮ್ಮೆಗೇ ಕಂದರ. ಆಕ್ಷೇಪಿಸುವವರು ಒಂದು ಮುಂಜಾನೆ ಚಾರ್ಮಾಡಿ ಘಟ್ಟದಲ್ಲಿ ನಿಂತು ಕೆಳಗೆ ನೋಡಿ ಬಂದು, ಕಡೆಯ ಪುಟಗಳನ್ನು ಮತ್ತೊಮ್ಮೆ ಓದಬೇಕೆಂದು ನನ್ನ ಬಿನ್ನಹ.