ಕಾರ್ಡಿನ ಅಭಯ ಎಷ್ಟು ಗಟ್ಟಿ?

ಮಾಡ್ಯುಲರ್ ಕಿಚನ್, ಸೋಫಾ ಸೆಟ್, ಮದುವೆಯ ಒಡವೆ, ವಿದೇಶ ಪ್ರವಾಸ. ಪುಣೆಯಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಲಕ್ಷದ ಲೆಕ್ಕದ ಖರ್ಚಿನ ಮಾತು ಬಂದಾಗಲೆಲ್ಲ ಹಿಂಜವಡಿಯ ಐಟಿ ಕಚೇರಿಯಿಂದ ಬಂದ ಮಗನೋ ಸೊಸೆಯೋ ಒಂದು ಬುದ್ಧಿಮಾತು ಹೇಳುತ್ತಾರೆ: "ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ, ಮೋಸ ಆದರೆ ಬ್ಯಾಂಕು ನೋಡಿಕೊಳ್ಳುತ್ತದೆ." ಕಾರ್ಡಿನಲ್ಲಿ ಕೊಡಿ ಎನ್ನುವುದನ್ನು ಎಷ್ಟೋ ಸಲ ನಾನೂ ಒಪ್ಪುತ್ತೇನೆ. ಬ್ಯಾಂಕು ನೋಡಿಕೊಳ್ಳುತ್ತದೆ ಎಂಬ ಭರವಸೆಗೆ ಮಾತ್ರ ನಮ್ಮ ಕಾನೂನಿನಲ್ಲಿ ಆಧಾರವಿಲ್ಲ.

ಅದಕ್ಕೆ ಆಧಾರವಿರುವುದು ಬ್ರಿಟನ್ನಿನಲ್ಲಿ. ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮು, 100 ಪೌಂಡು ಮೀರಿದ, 30,000 ಪೌಂಡಿನವರೆಗಿನ ಖರೀದಿಗೆ ಮಾರಾಟಗಾರನ ಜೊತೆ ಕಾರ್ಡ್ ಕೊಟ್ಟ ಬ್ಯಾಂಕನ್ನೂ ಹೊಣೆ ಮಾಡುತ್ತದೆ. ಮುಂಗಡವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟಿದ್ದರೂ ಪೂರ್ತಿ ಬೆಲೆಗೆ ಬ್ಯಾಂಕು ಉತ್ತರ ಹೇಳಬೇಕು. ಅಮೆರಿಕವೂ ಅದೇ ವರ್ಷ ಬಿಲ್ಲಿನ ತಕರಾರುಗಳಿಗೆ ಕಾಯ್ದೆ ಮಾಡಿತು. ಅದೇ 1974ರಲ್ಲಿ ಬಿಂದುಮಾಧವ ಜೋಶಿಯವರು ಇದೇ ಪುಣೆಯಲ್ಲಿ ಗ್ರಾಹಕ ಪಂಚಾಯತ್ ಕಟ್ಟಿದರು. ಗ್ರಾಹಕರ ಪರ ಇಷ್ಟು ಬೇಗ ಎದ್ದು ನಿಂತ ಊರು ಇದು. ಆದರೂ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಾಗಲಿ, ಅದರ ಜಾಗಕ್ಕೆ ಬಂದ 2019ರ ಕಾಯ್ದೆಯಲ್ಲಾಗಲಿ ಮಾರಾಟಗಾರನ ತಪ್ಪಿಗೆ ಕಾರ್ಡ್ ಬ್ಯಾಂಕನ್ನು ಹೊಣೆ ಮಾಡುವ ಅಂಥ ಕಲಮು ಬರಲಿಲ್ಲ.

ನಮಗಿರುವುದು ಚಾರ್ಜ್‌ಬ್ಯಾಕ್. ಅದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು ತಮ್ಮ ಸದಸ್ಯ ಬ್ಯಾಂಕುಗಳಿಗೆ ಹಾಕಿಕೊಟ್ಟ ನಿಯಮ. ಸಂಸತ್ತು ಗ್ರಾಹಕನಿಗೆ ಕೊಟ್ಟ ಹಕ್ಕಲ್ಲ. ವಸ್ತು ಬರಲಿಲ್ಲ, ಹೇಳಿದ್ದೇ ಒಂದು ಬಂದದ್ದೇ ಒಂದು ಎಂದು ನಾವು ತಕರಾರು ಕೊಟ್ಟರೆ ನಮ್ಮ ಬ್ಯಾಂಕು ಅಂಗಡಿಯ ಬ್ಯಾಂಕಿನಿಂದ ಹಣ ವಾಪಸು ಕೇಳುತ್ತದೆ. ಅಂಗಡಿಯವನು ದಾಖಲೆ ತೋರಿಸಿ ಎದುರು ವಾದಿಸಬಹುದು. ಸಾಮಾನ್ಯವಾಗಿ ಇದಕ್ಕೆ 120 ದಿನಗಳ ಗಡುವು. ಮುಂದೆ ಸಿಗಬೇಕಾದ ವಸ್ತುವಾದರೆ ಲೆಕ್ಕ ಶುರುವಾಗುವುದು ಅದು ಕೈಸೇರಬೇಕಿದ್ದ ದಿನದಿಂದ. ಆ ದಿನಾಂಕ ಬರಹದಲ್ಲಿ ಇಲ್ಲದಿದ್ದರೆ? "ದೀಪಾವಳಿ ಹೊತ್ತಿಗೆ ಕೊಡ್ತೀನಿ" ಎಂಬ ಬಾಯಿಮಾತಿನ ಮೇಲೆ ಯಾವ ಬ್ಯಾಂಕೂ ವಾದ ಕಟ್ಟಲಾರದು. ಅರ್ಧ ಕಾರ್ಡು, ಅರ್ಧ ನಗದು, ಕೈಗೊಂದು ಕಚ್ಚಾ ಬಿಲ್ಲು ಎಂಬ ವ್ಯವಹಾರದಲ್ಲಿ ಚಾರ್ಜ್‌ಬ್ಯಾಕ್ ಆ ಕಾರ್ಡಿನ ಅರ್ಧವನ್ನು ದಾಟುವುದಿಲ್ಲ.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನು ಇದರ ಜೊತೆ ಬೆರೆಸಿ ಮಾತಾಡುವವರೂ ಇದ್ದಾರೆ. ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎನ್ನುವ ಆ ಸುತ್ತೋಲೆ, ನಮ್ಮ ಒಪ್ಪಿಗೆಯಿಲ್ಲದೆ ಹಣ ಹೋದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾವೇ ಓಟಿಪಿ ಒತ್ತಿ ಮುಂಗಡ ಕೊಟ್ಟ ಬಡಗಿ ಫೋನ್ ಎತ್ತದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಹಾಗಿದ್ದೂ ಕಾರ್ಡು ನಿಜವಾಗಿ ಕೈಹಿಡಿಯುವ ಸಂದರ್ಭವೊಂದಿದೆ: ಹಣ ಇಂದು, ಸೇವೆ ನಾಳೆ ಎಂಬ ಖರೀದಿ. ಪುಣೆಯಿಂದಲೂ ಹಾರುತ್ತಿದ್ದ ಗೋ ಫಸ್ಟ್ 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿ ಹಾರಾಟ ನಿಲ್ಲಿಸಿದಾಗ ಟಿಕೆಟ್ ಕೊಂಡವರು ಸಾಲಗಾರ ಕಂಪನಿಯ ಬಾಗಿಲಲ್ಲಿ ಕಾಯುವವರಾದರು. ಕಾರ್ಡಿನಲ್ಲಿ ಕೊಟ್ಟವರಿಗೆ, ಸೇವೆ ಸಿಗಲಿಲ್ಲವೆಂದು ತಮ್ಮ ಬ್ಯಾಂಕಿನ ಮೂಲಕ ಹಣ ಕೇಳುವ ಇನ್ನೊಂದು ದಾರಿಯಾದರೂ ಉಳಿದಿತ್ತು. ಡೆಬಿಟ್ ಕಾರ್ಡಿಗೂ ಚಾರ್ಜ್‌ಬ್ಯಾಕ್ ಉಂಟು, ಆದರೆ ಅಲ್ಲಿ ತೀರ್ಮಾನವಾಗುವವರೆಗೆ ಸಿಕ್ಕಿಬೀಳುವುದು ನಮ್ಮದೇ ಉಳಿತಾಯ. ಪ್ರವಾಸದ ಪ್ಯಾಕೇಜು, ಆನ್‌ಲೈನ್ ಪೀಠೋಪಕರಣ, ಅಳತೆ ಕೊಟ್ಟು ಮಾಡಿಸುವ ಅಡುಗೆಮನೆ, ಇವಕ್ಕೆಲ್ಲ ಕ್ರೆಡಿಟ್ ಕಾರ್ಡೇ ಮೇಲು.

ಲಕ್ಷ್ಮೀ ರಸ್ತೆಯ ಚಿನ್ನಕ್ಕೆ ನಾನು ಈ ಮಾತು ಹೇಳಲಾರೆ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲವೆಂದು 2017ರಿಂದ ಆದಾಯ ತೆರಿಗೆ ಕಾನೂನೇ ಹೇಳುತ್ತದೆ, ಹಾಗಾಗಿ ಬ್ಯಾಂಕಿನ ಮೂಲಕವೇ ಹಣ ಕೊಡಬೇಕು. ಆದರೆ ಕಾರ್ಡ್ ತೆಗೆದೊಡನೆ "ಎರಡು ಪರ್ಸೆಂಟ್ ಜಾಸ್ತಿ" ಎಂದರೆ 4 ಲಕ್ಷದ ಸರಕ್ಕೆ 8,000 ರೂಪಾಯಿ. ಎದುರಿಗೇ ತೂಗಿ ಕೈಗೆ ಕೊಟ್ಟ ಒಡವೆಗೆ ಆ ಖರ್ಚು ಯಾಕೆ? ಅಲ್ಲಿ ನಮ್ಮನ್ನು ಕಾಯುವುದು 2023ರ ಏಪ್ರಿಲ್‌ನಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಮತ್ತು ಪಕ್ಕಾ ಬಿಲ್ಲು.

ಬಡ್ಡಿಯ ವಿಷಯ ಇನ್ನೂ ಕಠಿಣ. ಕಾರ್ಡ್ ಬಾಕಿಗೆ ವರ್ಷಕ್ಕೆ ಶೇಕಡಾ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಕಿದ್ದ ಮಿತಿಯನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ತೆಗೆದುಹಾಕಿತು. ತಿಂಗಳಿಗೆ ಶೇಕಡಾ ಮೂರೂವರೆಯ ಆಸುಪಾಸಿನ ಬಡ್ಡಿಯಲ್ಲಿ ಬಾಕಿ ಉಳಿಸಿಕೊಂಡವರು ವಂಚಕನಿಂದ ಉಳಿಸಿಕೊಂಡ ಹಣವನ್ನು ಬ್ಯಾಂಕಿಗೆ ಕಟ್ಟುತ್ತಾರೆ. ಒಂದೇ ಕಂತಿನಲ್ಲಿ ಪೂರ್ತಿ ತೀರಿಸಬಲ್ಲವರಿಗೆ ಮಾತ್ರ ಈ ರಕ್ಷಣೆ ಅಗ್ಗ. ಕಾರ್ಡೇ ಸಿಗದ ಮನೆಗೆಲಸದ ಹೆಂಗಸು ಕೂಡಿಟ್ಟ ಹಣದಲ್ಲಿ ಫ್ರಿಜ್ ಕೊಂಡರೆ ಅವಳಿಗೆ ಅದು ಇಲ್ಲವೇ ಇಲ್ಲ. ಅವಳಿಗೂ ತೆರೆದಿರುವುದು ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು: 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಾಸವಿರುವ ಊರಲ್ಲೇ ದೂರು ಕೊಡಬಹುದು. ಪುಣೆಯಲ್ಲಿ ಕೊಂಡು ಧಾರವಾಡಕ್ಕೆ ಮರಳಿದವರಿಗೂ ಇದು ಅನ್ವಯಿಸುತ್ತದೆ.

ರಿಸರ್ವ್ ಬ್ಯಾಂಕು 2022ರ ಕಾರ್ಡ್ ನಿರ್ದೇಶನದಲ್ಲಿ, ವಂಚನೆ ಎಂದು ಗ್ರಾಹಕ ತಕರಾರು ಎತ್ತಿದ ವಹಿವಾಟಿಗೆ ಅದು ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕಕೂಡದೆಂದು ಬ್ಯಾಂಕುಗಳಿಗೆ ಹೇಳಿತು. ಹಣ ಪಡೆದು ವಸ್ತು ಕೊಡದ ಮಾರಾಟಗಾರನ ವಿರುದ್ಧದ ತಕರಾರಿಗೂ ಇದೇ ನಿಯಮವನ್ನು ಸ್ಪಷ್ಟವಾಗಿ ವಿಸ್ತರಿಸಬೇಕು. ಸಂಸತ್ತು ಹೊಸ ಕಲಮು ಬರೆಯುವವರೆಗೆ ಕಾಯಬೇಕಾಗಿಲ್ಲ.