ಶಾಸನಚಿತ್ರಗಳ ಕಡತನಾಮ: ಸ್ಥಾನ ತಪ್ಪಿದರೆ?

ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಅದರಲ್ಲಿ ತಾಲ್ಲೂಕಿಗೆ ಎರಡೆರಡು ಇಂಗ್ಲಿಷ್ ಅಕ್ಷರ: ಕೋಲಾರಕ್ಕೆ ಕೆ-ಎಲ್, ಮಾಲೂರಿಗೆ ಎಂ-ಆರ್, ಮುಳಬಾಗಿಲಿಗೆ ಎಂ-ಬಿ, ಶ್ರೀನಿವಾಸಪುರಕ್ಕೆ ಎಸ್-ಪಿ. ಒಂದೇ ಅಕ್ಷರವಾಗಿದ್ದರೆ ಮಾಲೂರು, ಮುಳಬಾಗಿಲು ಬೆರೆತುಹೋಗುತ್ತಿದ್ದವು. ಜಾಣ ಆಯ್ಕೆ.

ನೀವು ತೆಗೆದ ಶಾಸನಚಿತ್ರಗಳಿಗೂ ಹೀಗೆಯೇ ಹೆಸರಿಡುವಿರಿ ಎನ್ನಿ: ಸಂಪುಟಕ್ಕೆ 2 ಸ್ಥಾನ, ತಾಲ್ಲೂಕಿಗೆ 2, ಶಾಸನಸಂಖ್ಯೆಗೆ 4. ಪಿಎಚ್‌ಪಿಯ ‘ಸಬ್‌ಸ್ಟ್ರ್’ ಫಂಕ್ಷನ್ ಮೂರೇ ಸಾಲಿನಲ್ಲಿ ಇದನ್ನು ಬಿಡಿಸಿಕೊಡುತ್ತದೆ. ಎಣಿಕೆ ಸೊನ್ನೆಯಿಂದ, ಆದ್ದರಿಂದ ತಾಲ್ಲೂಕು ಬೇಕಾದರೆ 2ರಿಂದ ಎರಡು ಸ್ಥಾನ. ಸುಲಭವೇನೋ ಹೌದು, ಆದರೆ ತಪ್ಪಿದಾಗ ಅದು ಬಾಯಿಬಿಡುವುದಿಲ್ಲ. ಬೆಂಗಳೂರಿನದು ಒಂಬತ್ತನೆಯ ಸಂಪುಟ. 09ರ ಬದಲು ಬರೀ 9 ಬರೆದಿರೋ, ತಾಲ್ಲೂಕಿನ ಮೊದಲಕ್ಷರ ಸಂಪುಟದೊಳಗೆ ಸೇರಿಕೊಳ್ಳುತ್ತದೆ. ಎಚ್ಚರಿಕೆಯ ಸಂದೇಶವೇ ಇಲ್ಲ! ವಿಸ್ತರಣೆ ಬಿಟ್ಟು ಉದ್ದ 8 ಇದೆಯೇ ಎಂದು ‘ಸ್ಟ್ರ್‌ಲೆನ್’ನಿಂದ ಮೊದಲು ನೋಡಿ. ತಾಲ್ಲೂಕಿನ ಸಂಕೇತವನ್ನು ಪಟ್ಟಿಯೊಡನೆ ತಾಳೆಹಾಕಿ.

ಕನ್ನಡದಲ್ಲೇ ಹೆಸರಿಡುವವರಿಗೆ ತೊಡಕು ಇನ್ನೂ ಹೆಚ್ಚು. ಸಬ್‌ಸ್ಟ್ರ್ ಎಣಿಸುವುದು ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ‘ಮಾ’ 6 ಬೈಟ್, ‘ಶ್ರೀ’ 12.

ಚಿಂತಾಮಣಿಯ ಶಾಸನಗಳೂ ಈ ಹತ್ತನೆಯ ಸಂಪುಟದಲ್ಲಿವೆ. ಆ ತಾಲ್ಲೂಕು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋಯಿತು. 10 ಎಂದರೆ ಇಂದಿನ ಕೋಲಾರ ಜಿಲ್ಲೆ ಎಂದು ನಿಮ್ಮ ಪ್ರೋಗ್ರಾಂ ಓದಿದರೆ, ಸ್ಥಾನಗಳೆಲ್ಲ ಸರಿಯಿದ್ದೂ ಉತ್ತರ ತಪ್ಪಾಗುತ್ತದೆ.