ಫಿಲಿಪ್ಪನಿಗೊಂದು ಮನೆ: ಗಣಕಯಂತ್ರದಿಂದ ಪರಭಾಷಾ ಬೋಧನೆ

ಗಣಕಯಂತ್ರದ ಮೂಲಕ ಪರಭಾಷೆಗಳನ್ನು ಕಲಿಸುವ ಪ್ರಯತ್ನದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಯಂತ್ರಗಳ ಚರಿತ್ರೆಯನ್ನೇ ಬರೆಯುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಮೊದಲಾದ ‘ಪ್ಲೇಟೋ’ ವ್ಯವಸ್ಥೆಯಿಂದ ಇಂದಿನ ಕೈಫೋನಿನವರೆಗೆ ಸಾಧನಗಳ ಪಟ್ಟಿ ಬೆಳೆಯುತ್ತದೆ. ಆ ಸಾಧನಗಳ ಮೇಲೆ ರಚಿತವಾದ ಪಾಠಗಳನ್ನು ಕೃತಿಗಳೆಂದು ಓದಿ ಅವುಗಳ ಗುಣದೋಷಗಳನ್ನು ತೂಗುವ ಕೆಲಸ ಮಾತ್ರ ವಿರಳ. ಪಠ್ಯಪುಸ್ತಕಕ್ಕೆ ಸಲ್ಲುವ ವಿಮರ್ಶೆ ಇವುಗಳಿಗೂ ಸಲ್ಲಬೇಕೆಂಬ ನಂಬಿಕೆಯಿಂದ ನಾವು ಮುಖ್ಯವಾಗಿ ಒಂದು ಕೃತಿಯನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಆ ಕೃತಿ ‘ಆ ಲಾ ರಾಂಕೋಂತ್ರ್ ದ ಫಿಲಿಪ್’. ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ‘ಅಥೀನಾ’ ಯೋಜನೆಯ ಆಶ್ರಯದಲ್ಲಿ ಜಿಲ್ಬರ್ತ್ ಫರ್ಸ್ಟನ್‌ಬರ್ಗ್ ಮತ್ತು ಸಂಗಡಿಗರು ರಚಿಸಿದ ಇದನ್ನು ಯೇಲ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು 1993ರಲ್ಲಿ ವಿಡಿಯೋ ಡಿಸ್ಕಿನ ರೂಪದಲ್ಲಿ ಹೊರತಂದಿತು. ಕಥೆ ಸರಳ. ಪ್ಯಾರಿಸಿನಲ್ಲಿ ಪತ್ರಿಕೆಗಳಿಗೆ ಬಿಡಿಲೇಖನ ಬರೆದು ಜೀವಿಸುವ ಫಿಲಿಪ್ಪನನ್ನು ಅವನ ಗೆಳತಿ ಜಗಳವಾಡಿ ಮನೆಯಿಂದ ಹೊರಹಾಕಿದ್ದಾಳೆ. ಅವನಿಗೆ ತುರ್ತಾಗಿ ಬೇರೊಂದು ಮನೆ ಬೇಕು. ವಿದ್ಯಾರ್ಥಿಯು ಅವನ ನೆರವಿಗೆ ನಿಲ್ಲಬೇಕು: ದೂರವಾಣಿಯಲ್ಲಿ ಬಂದ ಸಂದೇಶಗಳನ್ನು ಆಲಿಸಬೇಕು, ಬಾಡಿಗೆಮನೆಗಳೊಳಗೆ ಅಡ್ಡಾಡಿ ನೋಡಬೇಕು, ಯಾವುದು ತಕ್ಕದ್ದೆಂದು ತೀರ್ಮಾನಿಸಬೇಕು. ಅವನ ಆಯ್ಕೆಗಳಿಗೆ ಅನುಗುಣವಾಗಿ ಕಥೆಯ ಮುಕ್ತಾಯವು ಬೇರೆಬೇರೆಯಾಗುತ್ತದೆ.

ಇದರ ಹಿರಿಮೆ ಎಲ್ಲಿದೆ? ಅರ್ಥವಾಗದಿದ್ದರೆ ಇಲ್ಲಿ ಅಂಕ ಹೋಗುವುದಿಲ್ಲ. ಫಿಲಿಪ್ಪನಿಗೆ ಮನೆ ಸಿಗುವುದಿಲ್ಲ. ಮೊದಮೊದಲ ಯಂತ್ರಪಾಠಗಳಲ್ಲಿ ವಿದ್ಯಾರ್ಥಿಯು ಬೆರಳಚ್ಚಿಸಿದ ಉತ್ತರವನ್ನು ಯಂತ್ರವು ತನ್ನಲ್ಲಿದ್ದ ಉತ್ತರದೊಡನೆ ತಾಳೆನೋಡಿ ಸರಿ-ತಪ್ಪು ಹೇಳುತ್ತಿತ್ತು. ಮಾತಿಗೆ ವ್ಯಾಕರಣದ ಹೊರಗೆ ಯಾವ ಪರಿಣಾಮವೂ ಇರಲಿಲ್ಲ. ಇಲ್ಲಿ ಮಾತು ಲೋಕವ್ಯವಹಾರದ ಅಂಗವಾಗಿದೆ. ಜನರು ಪಾಠಕ್ಕಾಗಿ ನಿಧಾನಿಸದೆ ತಮ್ಮ ಎಂದಿನ ಧಾಟಿಯಲ್ಲಿ ಮಾತನಾಡುತ್ತಾರೆ. ಕೇಳಿದ್ದು ತಿಳಿಯದಿದ್ದರೆ ಮತ್ತೆ ಕೇಳಲು ಅವಕಾಶವಿದೆ. ನಿಜಜೀವನದಲ್ಲಿ ಯಾವ ಪ್ಯಾರಿಸಿಗನೂ ಒಂದೇ ಮಾತನ್ನು ಹತ್ತುಸಲ ಹೇಳುವಷ್ಟು ತಾಳ್ಮೆಯುಳ್ಳವನಲ್ಲ!

ಆದರೂ ಒಂದು ಕೊರತೆಯನ್ನು ಮರೆಮಾಚಲಾಗದು. ಕಥೆಯ ದಾರಿಯನ್ನು ಬದಲಿಸುವುದು ವಿದ್ಯಾರ್ಥಿಯ ಆಯ್ಕೆಯೇ ಹೊರತು ಅವನ ಫ್ರೆಂಚ್ ಅಲ್ಲ. ಅವನು ಕೇಳುಗನಾಗಿ ನುರಿಯುತ್ತಾನೆ. ಆಡುವವನಾಗಲು ತರಗತಿಗೇ ಮರಳಬೇಕು. ಅಧ್ಯಾಪಕನಿಲ್ಲದೆ ಈ ಕೃತಿ ಅರ್ಧ.

ಇನ್ನೊಂದು ಸಂಗತಿ ಹೆಚ್ಚು ಖೇದಕರವಾದುದು. ವಿಡಿಯೋ ಡಿಸ್ಕಿನ ಯಂತ್ರಗಳು ಬಳಕೆ ತಪ್ಪಿದವು. ಅವುಗಳೊಂದಿಗೆ ಈ ಪಾಠವೂ ಕಣ್ಮರೆಯಾಯಿತು. ಉಳಿದು ಬಂದದ್ದು ಹಳೆಯ ತಾಳೆನೋಡುವ ಪದ್ಧತಿ. 2012ರಲ್ಲಿ ಸಾರ್ವಜನಿಕರಿಗೆ ತೆರೆದ ‘ಡುವೋಲಿಂಗೋ’ವಿನಲ್ಲಿ ಬಿಡಿವಾಕ್ಯಗಳ ಅನುವಾದ, ಪದಗಳ ಜೋಡಣೆ, ದಿನದಿನದ ಲೆಕ್ಕ, ಪಾರಿತೋಷಕ ಇವೇ ಪ್ರಧಾನವಾದವು. ಅದು ಲಕ್ಷಾಂತರ ಜನರಿಗೆ ಹಣವಿಲ್ಲದೆ ದೊರಕಿದುದನ್ನು ನಾವು ಅಲ್ಲಗಳೆಯುವುದಿಲ್ಲ. ಫಿಲಿಪ್ಪನ ಭಾಗ್ಯ ಕೆಲವೇ ವಿದ್ಯಾಲಯಗಳದಾಗಿತ್ತು. ಆದರೆ ಪ್ರಸಾರದ ಹಿರಿಮೆಯನ್ನು ಬೋಧನೆಯ ಹಿರಿಮೆಯೆಂದು ಎಣಿಸುವುದು ತಪ್ಪು.

ಫರ್ಸ್ಟನ್‌ಬರ್ಗ್ ಅವರೇ ಸಹೋದ್ಯೋಗಿಗಳೊಡನೆ 1997ರಲ್ಲಿ ಆರಂಭಿಸಿದ ‘ಕುಲ್ತುರಾ’ ಯೋಜನೆಯು ಅಂತರ್ಜಾಲವನ್ನು ಇನ್ನೊಂದು ಬಗೆಯಲ್ಲಿ ಬಳಸಿತು. ಅಮೆರಿಕದ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳು ಒಂದೇ ಪದಕ್ಕೆ ತಮಗೆ ತೋಚಿದ ಪದಗಳನ್ನು ತಂತಮ್ಮ ಭಾಷೆಯಲ್ಲಿ ಬರೆದು ಅಕ್ಕಪಕ್ಕದಲ್ಲಿಟ್ಟು ಚರ್ಚಿಸುತ್ತಿದ್ದರು. ವ್ಯಕ್ತಿವಾದವೆಂಬ ಅರ್ಥದ ಪದಕ್ಕೆ ಅಮೆರಿಕದವರು ಸ್ವಾತಂತ್ರ್ಯವನ್ನೂ ಫ್ರೆಂಚರು ಸ್ವಾರ್ಥವನ್ನೂ ನೆನೆದರು. ನಿಘಂಟು ಸಮಾನಾರ್ಥಕವೆಂದ ಪದಗಳು ಸಮಾನವಲ್ಲವೆಂಬುದು ಹೀಗೆ ಪ್ರತ್ಯಕ್ಷವಾಯಿತು. ಕೆಲವರ ಉತ್ತರಗಳಿಂದ ಇಡೀ ಜನಾಂಗದ ಸ್ವಭಾವವನ್ನು ಊಹಿಸುವ ಅಪಾಯ ಇಲ್ಲಿಲ್ಲವೆಂದಲ್ಲ.

ಈಗ ಸಂಭಾಷಣೆ ನಡೆಸಬಲ್ಲ ಯಂತ್ರಗಳೂ ಬಂದಿವೆ. ಫಿಲಿಪ್ಪನ ಕಥೆಯಲ್ಲಿ ಇಲ್ಲದಿದ್ದ ಮಾರುತ್ತರ ಇವುಗಳಲ್ಲಿದೆ; ಆದರೆ ಮನೆ ಹುಡುಕುವ ಅಗತ್ಯವನ್ನು ಪಾಠಕಾರನೇ ಕಲ್ಪಿಸಿಕೊಡಬೇಕು.

ನಮ್ಮ ಕಾಲೇಜುಗಳ ಮಟ್ಟಿಗೆ ಒಂದು ಮಾತು. ಇಲ್ಲಿ ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುವುದು ವಾಡಿಕೆ. ಫ್ರೆಂಚಿನ ‘ತ್ಯು’, ‘ವೂ’ಗಳ ಭೇದವು ಇಂಗ್ಲಿಷಿನಲ್ಲಿ ಅಳಿದುಹೋಗಿದೆಯಾದ್ದರಿಂದ ಯಂತ್ರಪಾಠವು ಅದನ್ನು ಅಪೂರ್ವ ತೊಡಕೆಂಬಂತೆ ವಿವರಿಸುತ್ತದೆ. ‘ನೀನು’, ‘ನೀವು’ಗಳ ನಡುವೆ ಬೆಳೆದ ಕನ್ನಡ ವಿದ್ಯಾರ್ಥಿಗೆ ಈ ವಿವರಣೆ ಅನಾವಶ್ಯಕ, ಅವನಿಗೆ ಬೇಕಾದುದು ಬೇರೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ತಾಯಿಯನ್ನು ‘ನೀನು’ ಎಂದೂ ತಂದೆಯನ್ನು ‘ನೀವು’ ಎಂದೂ ಕರೆಯುವುದುಂಟು; ಹಿರಿಯರು ಕಿರಿಯರನ್ನು ‘ನೀನು’ ಎಂದರೆ ಕಿರಿಯರು ‘ನೀವು’ ಎನ್ನುತ್ತಾರೆ. ಇಂದಿನ ಫ್ರೆಂಚಿನಲ್ಲಿ ಬಳಕೆ ಬಹುತೇಕ ಪರಸ್ಪರ ಸಮಾನ. ನಮ್ಮ ವಿದ್ಯಾರ್ಥಿ ಎಡವುವುದು ಇಲ್ಲಿ. ಇಂಗ್ಲಿಷಿನವರಿಗಾಗಿ ಸಿದ್ಧವಾದ ಪಾಠವು ಈ ಎಡವನ್ನು ಕಾಣಲಾರದು. ಅದನ್ನು ಕಂಡು ಪಾಠ ಬರೆಯಬಲ್ಲವರು ಎರಡೂ ಭಾಷೆಗಳನ್ನು ಬಲ್ಲ ನಮ್ಮ ಅಧ್ಯಾಪಕರೇ.